ಲೋಹಿಯಾ ವಿಚಾರ, ಲಂಕೇಶರ ಪತ್ರಿಕೆ

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಭೂಮಾಲೀಕರ ವಿರುದ್ಧ ಎದ್ದು ನಿಂತಾಗ ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಅದೇ ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯ ಪಿ. ಲಂಕೇಶ್ ಆಗಿನ್ನೂ ಹದಿಹರೆಯದ ಹುಡುಗ. ಮುಂದೆ ಜಾತಿ, ಭಾಷೆ, ಅಧಿಕಾರ ಕುರಿತ ಲೋಹಿಯಾ ವಿಚಾರಗಳು ಆ ತಲೆಮಾರಿನ ಅನೇಕ ಕನ್ನಡ ಲೇಖಕರನ್ನು ಹಿಡಿದವು. ಲಂಕೇಶರೂ ಅವರಲ್ಲೊಬ್ಬರು.

ಆ ಪ್ರಭಾವ ಅವರು ಕೆಲಸ ಮಾಡಿದ ರೀತಿಯಲ್ಲೇ ಕಾಣುತ್ತದೆ. ಇಂಗ್ಲಿಷ್ ಮೇಷ್ಟರಾಗಿದ್ದವರು ನೌಕರಿ ಬಿಟ್ಟು, 1980ರಲ್ಲಿ 'ಲಂಕೇಶ್ ಪತ್ರಿಕೆ' ತಂದರು. ಜಾಹೀರಾತು ಬೇಡವೆಂದರು. ಪತ್ರಿಕೆ ನಡೆದದ್ದು ಓದುಗರು ಕೊಟ್ಟ ಕಾಸಿನಿಂದ. ಹಾಗಾಗಿ ಅಧಿಕಾರಸ್ಥರ ಬಗ್ಗೆ ಬರೆಯುವಾಗ ಯಾರ ಮುಖವನ್ನೂ ನೋಡಬೇಕಿರಲಿಲ್ಲ. ಭಾಷೆ ಜನ ಆಡುವ ಮಾತಿಗೆ ಹತ್ತಿರವಾಯಿತು. ಬರೆಯುವವರೂ ಬದಲಾದರು. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಧಾರಾವಾಹಿಯಾಗಿ ಬಂದದ್ದು ಇಲ್ಲಿಯೇ. ತಲಾಖಿಗೆ ಸಿಕ್ಕಿದ ಹೆಣ್ಣುಮಗಳ ಸಂಕಟವನ್ನು ಕನ್ನಡಿಗರು ಅದೇ ಸಮುದಾಯದ ಹೆಣ್ಣಿನ ಬರಹದಲ್ಲಿ ಓದಿದರು.

ಹಳ್ಳಿಗಳಿಂದ ಬಂದು ಪತ್ರಿಕೋದ್ಯಮ ಓದಿದ ನಮಗೆ ಈ ಚರಿತ್ರೆ ಇವತ್ತಿನ ಪ್ರಶ್ನೆಯೂ ಹೌದು. ತಾಲ್ಲೂಕು ವರದಿಗಾರರಲ್ಲಿ ಎಷ್ಟೋ ಜನ ಸುದ್ದಿಯ ಜೊತೆಗೆ ಜಾಹೀರಾತನ್ನೂ ತರಬೇಕು. ಯಾರಿಂದ ಹಬ್ಬದ ಶುಭಾಶಯದ ಜಾಹೀರಾತು ತಂದೆವೋ, ಅವರ ಮರಳು ಲಾರಿಗಳ ಬಗ್ಗೆ ಬರೆಯುವುದು ಹೇಗೆ? ಲೇಖನದಲ್ಲಿ ಲೋಹಿಯಾ ಹೆಸರು ಹಾಕುವುದು ಸುಲಭ. ಯಾರ ದುಡ್ಡಿನಲ್ಲಿ ಬರೆಯುತ್ತೇವೆ, ಯಾರಿಗೆ ಬರೆಯಲು ಜಾಗ ಕೊಡುತ್ತೇವೆ ಎಂದು ತೀರ್ಮಾನಿಸುವುದು ಕಷ್ಟ. ಸ್ವಂತ ಪತ್ರಿಕೆ ಕಟ್ಟುವ ಮಾತು ಬಂದಾಗ ನಾವು ಮೊದಲು ಚರ್ಚಿಸಬೇಕಾದದ್ದು ಇದನ್ನೇ.