ಬಣ್ಣದ ಕೋಷ್ಟಕದಲ್ಲಿ ನಮ್ಮ ಗುಂಪುಗಳು: ಓದುವ ಕ್ರಮ



ಭಾಷಾ ಬಳಕೆಯ ಬಗ್ಗೆ ತಾವು ತುಂಬಿಕೊಟ್ಟ ನಮೂನೆಗಳನ್ನು ಗುಂಪುಗಳಾಗಿ ವಿಂಗಡಿಸಿ, ಬಣ್ಣದ ಕೋಷ್ಟಕವಾಗಿ ಪ್ರಕಟಿಸಲಿದ್ದೇವೆ. ಇದಕ್ಕೆ ಹೀಟ್‌ಮ್ಯಾಪ್ ಎನ್ನುತ್ತಾರೆ. ಪದ್ಧತಿ ಹಳೆಯದೇ. 1873ರಲ್ಲಿ ಟೂಸೇನ್ ಲುವಾ ಎಂಬವರು ಪ್ಯಾರಿಸ್ಸಿನ 20 ವಿಭಾಗಗಳ ವಿವರವನ್ನು ಇಂಥದೇ ಛಾಯೆ ತುಂಬಿದ ಕೋಷ್ಟಕದಲ್ಲಿ ತೋರಿಸಿದ್ದರು.

ಸಂಕೇತ ಸಂಖ್ಯೆ ಅಳತೆಯಲ್ಲ

ಮೊದಲ ಕರಡಿನಲ್ಲಿ ನಾವೇ ಒಂದು ತಪ್ಪು ಮಾಡಿದೆವು. ಕನ್ನಡಕ್ಕೆ 1, ತುಳುವಿಗೆ 2, ಮರಾಠಿಗೆ 3, ತಮಿಳಿಗೆ 4 ಎಂದು ಬರೆದು ಗಣಕಕ್ಕೆ ಕೊಟ್ಟೆವು. ಕನ್ನಡಕ್ಕೆ ತುಳು ಇರುವುದಕ್ಕಿಂತ ತಮಿಳು ಮೂರು ಪಟ್ಟು ದೂರ ಎಂದು ಅದು ಲೆಕ್ಕ ಹಾಕಿತು. ಆ ಸಂಖ್ಯೆಗಳು ಬರೀ ಹೆಸರುಗಳು, ಮನೆಯ ಬಾಗಿಲ ನಂಬರಿನ ಹಾಗೆ. ಇಂತಹ ಉತ್ತರಗಳಲ್ಲಿ ಕೇಳಬಹುದಾದದ್ದು ಇಷ್ಟೇ: ಎರಡೂ ಒಂದೇ, ಅಥವಾ ಬೇರೆ ಬೇರೆ.

ದೂರದ ಲೆಕ್ಕ

ಮನೆಮಾತು, ಶಾಲೆಯ ಮಾಧ್ಯಮ, ಓದುವ ಪತ್ರಿಕೆ, ಅರ್ಜಿ ಬರೆಯುವ ಭಾಷೆ, ಮನಸ್ಸಿನಲ್ಲಿ ಲೆಕ್ಕ ಹಾಕುವ ಭಾಷೆ, ಹೀಗೆ ಐದು ಪ್ರಶ್ನೆ ಎಂದುಕೊಳ್ಳೋಣ. ಉದಾಹರಣೆಗೆ, ಕಾಸರಗೋಡಿನವರೊಬ್ಬರು ತುಳು, ಕನ್ನಡ, ಕನ್ನಡ, ಕನ್ನಡ, ಕನ್ನಡ ಎಂದಿದ್ದಾರೆ. ತಾಳವಾಡಿಯವರು ಕನ್ನಡ, ಕನ್ನಡ, ಕನ್ನಡ, ತಮಿಳು, ಕನ್ನಡ. ಸೊಲ್ಲಾಪುರದವರು ಕನ್ನಡ, ಮರಾಠಿ, ಕನ್ನಡ, ಮರಾಠಿ, ಮರಾಠಿ. ಮೊದಲ ಇಬ್ಬರಲ್ಲಿ ಐದರಲ್ಲಿ ಎರಡು ಬೇರೆ, ದೂರ 0.4. ತಾಳವಾಡಿಗೂ ಸೊಲ್ಲಾಪುರಕ್ಕೂ 0.6. ಕಾಸರಗೋಡಿಗೂ ಸೊಲ್ಲಾಪುರಕ್ಕೂ 0.8.

ಅತಿ ಹತ್ತಿರದ ಇಬ್ಬರು ಮೊದಲು ಸೇರುತ್ತಾರೆ. ಆ ಜೋಡಿಗೆ ಸೊಲ್ಲಾಪುರದವರು ಸರಾಸರಿ 0.7ರಲ್ಲಿ ಸೇರುತ್ತಾರೆ. ಹೀಗೆ ಸೇರುತ್ತಾ ಹೋದದ್ದನ್ನು ಕೋಷ್ಟಕದ ಅಂಚಿನಲ್ಲಿ ವಂಶವೃಕ್ಷದಂತೆ ಗೆರೆಗಳಲ್ಲಿ ಬರೆದಿರುತ್ತದೆ.

ಚಿತ್ರ ನೋಡುವಾಗ

ಅಡ್ಡ ಸಾಲು ಒಬ್ಬ ಸದಸ್ಯರದು, ಕಂಬ ಸಾಲು ಒಂದು ಪ್ರಶ್ನೆಯದು, ಬಣ್ಣ ಉತ್ತರದ್ದು. ಬಣ್ಣಗಳು ಬೇರೆ ಬೇರೆಯಾಗಿರಬೇಕು. ಒಂದೇ ಬಣ್ಣವನ್ನು ತಿಳಿಯಿಂದ ಗಾಢಕ್ಕೆ ಏರಿಸಿದರೆ ಒಂದು ಭಾಷೆ ಹೆಚ್ಚು, ಒಂದು ಕಡಿಮೆ ಎಂಬ ಭ್ರಮೆ ಬರುತ್ತದೆ. ಅಕ್ಕಪಕ್ಕದ ಸಾಲಿನಲ್ಲಿದ್ದ ಮಾತ್ರಕ್ಕೆ ಇಬ್ಬರು ಹತ್ತಿರದವರಲ್ಲ. ವೃಕ್ಷದ ಯಾವುದೇ ಕವಲನ್ನು ತಿರುಗಿಸಿ ಇಡಬಹುದು. ಎರಡು ಕವಲು ಎಷ್ಟು ದೂರದಲ್ಲಿ ಕೂಡುತ್ತವೆ ಎಂಬುದನ್ನೇ ನೋಡಬೇಕು.

ಖಾಲಿ ಬಿಟ್ಟ ಜಾಗ

ನಮ್ಮನ್ನು ಹೆಚ್ಚು ಕಾಡಿದ್ದು ಇದು. 'ಉತ್ತರವಿಲ್ಲ' ಎಂಬುದನ್ನೂ ಒಂದು ಉತ್ತರವೆಂದು ಎಣಿಸಿದಾಗ, ಬೇರೆ ಬೇರೆ ಊರಿನ ಹಿರಿಯರೆಲ್ಲ ಒಂದೇ ಗುಂಪಾಗಿ ಕಂಡರು. ಅವರಲ್ಲಿ ಸಮಾನವಾಗಿದ್ದದ್ದು ಖಾಲಿ ಜಾಗ ಮಾತ್ರ. 1971ರಲ್ಲಿ ಗೋವರ್ ಅವರು ಸೂಚಿಸಿದ ಕ್ರಮದಲ್ಲಿ, ಇಬ್ಬರಲ್ಲೊಬ್ಬರು ಉತ್ತರಿಸದ ಪ್ರಶ್ನೆಯನ್ನು ಆ ಜೋಡಿಯ ಲೆಕ್ಕದಿಂದಲೇ ಬಿಡುತ್ತಾರೆ. ನಾವೂ ಈಗ ಹಾಗೆಯೇ ಮಾಡಿದ್ದೇವೆ. ಆರ್ ಎಂಬ ಉಚಿತ ತಂತ್ರಾಂಶದ ಡೈಸಿ ಎಂಬ ಆದೇಶ ಇದನ್ನು ಮಾಡಿಕೊಡುತ್ತದೆ.

ಆದರೂ ಲೆಕ್ಕದಿಂದ ಬಿಟ್ಟದ್ದು ಬಿಟ್ಟದ್ದೇ. ಬರೆಯಲು ಬಾರದ ಹಿರಿಯರಿಗೆ ಪ್ರಶ್ನೆ ಓದಿ ಹೇಳಿ, ಅವರ ಉತ್ತರ ತುಂಬಿಸಿಕೊಡಬೇಕೆಂದು ಎಲ್ಲ ಊರುಗಳ ಸದಸ್ಯರಲ್ಲಿ ಕೋರುತ್ತೇವೆ. ಅದಾದ ಮೇಲೆಯೇ ಚಿತ್ರ ಪ್ರಕಟಿಸುತ್ತೇವೆ.

ಇಂತಿ,
ಕಾರ್ಯದರ್ಶಿ