ಕೆರೆಯ ಕಾಯಕವೂ ಒಕ್ಕಲುತನವೂ

ಭೂಮಿಯನ್ನು ನಂಬಿ ಬಾಳುವ ನಾಡಿಗೆ ನೀರೇ ಮೊದಲ ಪ್ರಸಾದವು. ಹಿರಿಯ ಹೊಳೆಗಳಿಗೆ ದೂರವಾದ ಕನ್ನಡದ ಬಯಲುಸೀಮೆಯಲ್ಲಿ ಆ ಪ್ರಸಾದವನ್ನು ಹಿಡಿದಿಡುವ ಪಾತ್ರೆಯೇ ಕೆರೆ. ಕರ್ನಾಟಕದಲ್ಲಿ 36,000ಕ್ಕೂ ಮಿಕ್ಕು ಕೆರೆಗಳುಂಟು. ಅವುಗಳಲ್ಲಿ ಹಲವು ನೂರಾರು ವರ್ಷಗಳಷ್ಟು ಹಳೆಯವು. ಅವನ್ನು ಕಟ್ಟಿಸಿದ ಪುಣ್ಯವಂತರ ಹೆಸರುಗಳನ್ನು ಶಿಲಾಶಾಸನಗಳು ಹೊಗಳುತ್ತವೆ. ಆದರೆ ಮಣ್ಣಿನ ಏರಿಯೊಂದು ಶತಮಾನಗಳ ಮಳೆಗಾಲವನ್ನು ತಡೆದು ನಿಂತಿತೆಂದರೆ, ಅದಕ್ಕೆ ಕಟ್ಟಿಸಿದವರ ಔದಾರ್ಯವೊಂದೇ ಕಾರಣವಲ್ಲ. ವರುಷ ವರುಷವೂ ಹೂಳೆತ್ತಿ, ಏರಿಗೆ ಮಣ್ಣೇರಿಸಿ, ತೂಬನ್ನು ಕಾಯ್ದ ಹೆಸರಿಲ್ಲದ ಜನರ ದುಡಿಮೆಯೇ ಮುಖ್ಯವಾದ ಕಾರಣವು. ಆ ದುಡಿಮೆಯ ಚರಿತ್ರೆಯನ್ನು ಸಂಕ್ಷೇಪವಾಗಿ ಅವಲೋಕಿಸುವುದು ಶ್ರೀಮಠದ ಮಹೋತ್ಸವದ ಈ ಸಂದರ್ಭದಲ್ಲಿ ಉಚಿತವಾಗಿದೆ.

ಶರಣಪರಂಪರೆಯಲ್ಲಿ ಕೆರೆಯ ಮಾತು ಬಂದೊಡನೆ ನೆನಪಾಗುವವರು ಸೊನ್ನಲಿಗೆಯ ಶಿವಯೋಗಿ ಸಿದ್ಧರಾಮೇಶ್ವರರು. 12ನೆಯ ಶತಮಾನದಲ್ಲಿ ಅವರು ಈಗಿನ ಸೊಲ್ಲಾಪುರದಲ್ಲಿ ಕೆರೆಯನ್ನೂ ದೇವಾಲಯವನ್ನೂ ನಿರ್ಮಿಸಿದರೆಂಬುದು ಪ್ರಸಿದ್ಧವಾಗಿದೆ. ರಾಘವಾಂಕನು ಅವರ ಚರಿತೆಯನ್ನೇ ಕಾವ್ಯವಾಗಿ ರಚಿಸಿದನು. ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದಾಗ ಅಲ್ಲಿ ಕೆರೆಯ ಕೆಲಸವು ನಡೆಯುತ್ತಿದ್ದಿತೆಂದೂ, ಬಹಿರಂಗದ ಸತ್ಕರ್ಮವೊಂದೇ ಸಾಕೆಂಬ ಭಾವವನ್ನು ಪ್ರಭುಗಳು ಖಂಡಿಸಿದರೆಂದೂ, ಬಳಿಕ ಸಿದ್ಧರಾಮರು ಕಲ್ಯಾಣದಲ್ಲಿ ಚನ್ನಬಸವಣ್ಣನವರಿಂದ ಇಷ್ಟಲಿಂಗದೀಕ್ಷೆಯನ್ನು ಪಡೆದರೆಂದೂ ಶೂನ್ಯಸಂಪಾದನೆಯ ಪರಂಪರೆಯು ಹೇಳುತ್ತದೆ. ಮಣ್ಣನ್ನಗೆಯುವುದು ಹೀನವೆಂದು ಇದರ ತಾತ್ಪರ್ಯವಲ್ಲ. ಕಟ್ಟಿಸಿದೆನೆಂಬ ಹಮ್ಮು ಅಳಿದಾಗಲೇ ದುಡಿಮೆಯು ಕಾಯಕವಾಗುವುದೆಂದು ಇದರಿಂದ ಗ್ರಹಿಸಬಹುದು.

ಕೆರೆಯನ್ನು ಕಟ್ಟುವುದು ಎಷ್ಟು ದೊಡ್ಡ ಕೆಲಸವೆಂಬುದಕ್ಕೆ ಕಡಪಾ ಸೀಮೆಯ ಪೊರುಮಾಮಿಳ್ಳದ ಶಾಸನವು ಸಾಕ್ಷಿಯಾಗಿದೆ. ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರನು ಕ್ರಿ. ಶ. 1369ರಲ್ಲಿ ಹಾಕಿಸಿದ ಈ ಶಾಸನದಂತೆ, 1,000 ಆಳುಗಳೂ 100 ಬಂಡಿಗಳೂ ಎರಡು ವರ್ಷ ದುಡಿದು ಆ ಕೆರೆಯನ್ನು ಮುಗಿಸಿದರು. ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ, ಇರಬಾರದ 6 ದೋಷಗಳನ್ನೂ ಅದು ವಿವರಿಸುತ್ತದೆ. ಏರಿಯಿಂದ ನೀರು ಒಸರುವುದು, ಕೆರೆಯ ನಡುವೆ ದಿಣ್ಣೆಯಿರುವುದು, ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದು, ಇವೆಲ್ಲ ಆ ದೋಷಗಳಲ್ಲಿ ಸೇರಿವೆ.

ಕಟ್ಟಿದ ಬಳಿಕ ಕಾಯುವ ಏರ್ಪಾಡನ್ನೂ ಹಿರಿಯರು ಮರೆಯಲಿಲ್ಲ. ಕೆರೆಯ ಸಂರಕ್ಷಣೆಗಾಗಿ ಭೂಮಿಯನ್ನಾಗಲಿ ಬೆಳೆಯ ಪಾಲನ್ನಾಗಲಿ ಮೀಸಲಿಡುವ ಬಿತ್ತುವಟ್ಟ, ಕಟ್ಟುಕೊಡಿಗೆ, ದಶವಂದ ಮೊದಲಾದ ದತ್ತಿಗಳು ಕನ್ನಡನಾಡಿನ ಶಾಸನಗಳಲ್ಲಿ ಹೇರಳವಾಗಿ ದೊರೆಯುತ್ತವೆ. ಹೂಳು ಸಾಗಿಸುವ ಬಂಡಿಯು ಎಂದೆಂದಿಗೂ ನಡೆಯಲೆಂದು ದತ್ತಿ ಬಿಟ್ಟವರೂ ಉಂಟು. ದೇವರ ನಂದಾದೀಪವು ಆರಬಾರದೆಂಬ ಎಚ್ಚರವೇ ಕೆರೆಯ ಬಂಡಿಯು ನಿಲ್ಲಬಾರದೆಂಬ ಈ ಏರ್ಪಾಡಿನಲ್ಲಿಯೂ ಕಾಣುತ್ತದೆ.

ಈ ದುಡಿಮೆಯಿಂದ ಒಕ್ಕಲುತನಕ್ಕೆ ಇಮ್ಮಡಿಯಾದ ಫಲವು ದೊರೆಯುತ್ತಿದ್ದಿತು. ಬೇಸಗೆಯಲ್ಲಿ ಕೆರೆಯಂಗಳವು ಒಣಗಿದಾಗ ರೈತರು ಅಲ್ಲಿಯ ಗೋಡುಮಣ್ಣನ್ನು ತಮ್ಮ ಹೊಲಗಳಿಗೆ ಹೇರುತ್ತಿದ್ದರು. ಇತ್ತ ಕೆರೆಯು ಆಳವಾಗುವುದು. ಅತ್ತ ಮಳೆಯು ಕೊಚ್ಚಿ ತಂದಿದ್ದ ಸಾರವು ಮರಳಿ ಹೊಲವನ್ನು ಸೇರುವುದು. ಮಸಾರಿ ನೆಲವು ಆ ಮಣ್ಣಿನಿಂದ ತೇವವನ್ನು ಹೆಚ್ಚುಕಾಲ ಹಿಡಿದಿಡುವ ಶಕ್ತಿಯನ್ನು ಪಡೆಯುವುದು. ಅಚ್ಚುಕಟ್ಟಿನ ಗದ್ದೆಗಳಿಗೆ ಹೊಂಗೆಯ ಸೊಪ್ಪೂ ಕೊಟ್ಟಿಗೆಯ ಗೊಬ್ಬರವೂ ಸಾಕಾಗುತ್ತಿದ್ದವು. ಕೆರೆಯು ತುಂಬಿದರೆ ಸುತ್ತಲಿನ ಬಾವಿಗಳಿಗೂ ಜಲವೂರುವುದು. ಕೋಡಿ ಹರಿದ ನೀರು ಕೆಳಗಿನೂರಿನ ಕೆರೆಯನ್ನು ಸೇರುವುದು. ನೆಲದಿಂದ ಪಡೆದುದನ್ನು ನೆಲಕ್ಕೇ ಹಿಂದಿರುಗಿಸುವ ಈ ಕ್ರಮವು ಭೂಮಿಗೆ ಸಲ್ಲಿಸುವ ದಾಸೋಹವೆಂದರೆ ತಪ್ಪಾಗಲಾರದು.

ಆದರೆ ಚರಿತ್ರೆಯ ಕತ್ತಲೆಯ ಭಾಗವನ್ನು ಮರೆಮಾಚುವುದು ಶರಣಧರ್ಮವಲ್ಲ. ತೂಬನ್ನು ತೆರೆದು ಮುಚ್ಚಿ ಗದ್ದೆಗದ್ದೆಗೂ ನೀರು ಹಂಚಿದ ನೀರಗಂಟಿಗಳೂ, ಏರಿಯ ಮೇಲೆ ಮಣ್ಣು ಹೊತ್ತವರೂ ಬಹುಮಟ್ಟಿಗೆ ಊರಿನ ಕೆಳಸ್ತರದವರೇ ಆಗಿದ್ದರು. ಅಚ್ಚುಕಟ್ಟಿನ ಉತ್ತಮ ಭೂಮಿಯು ಅನೇಕ ಕಡೆ ಇತರರ ಪಾಲಾಗಿದ್ದಿತು. ಕೂಲಿಯಿಲ್ಲದೆ ಒತ್ತಾಯದಿಂದ ದುಡಿಸುವ ಬಿಟ್ಟಿಯೂ ಬಳಕೆಯಲ್ಲಿದ್ದಿತು. ಬಿಟ್ಟಿಗೂ ಕಾಯಕಕ್ಕೂ ಇರುವ ಅಂತರವು ಅಪಾರವಾದುದು. ಒಂದರಲ್ಲಿ ಮೈ ಮಾತ್ರ ದುಡಿಯುವುದು. ಇನ್ನೊಂದರಲ್ಲಿ ಮನಸ್ಸು ಮೊದಲು ಒಪ್ಪುವುದು, ಫಲವು ಎಲ್ಲರಿಗೂ ಸಲ್ಲುವುದು.

19ನೆಯ ಶತಮಾನದಲ್ಲಿ ಕಾಲವು ಬದಲಾಯಿತು. ಮೈಸೂರು ಸಂಸ್ಥಾನದ ನೆಲದಲ್ಲಿ ನೂರಕ್ಕೆ 60ರಷ್ಟು ಕೆರೆಗಳ ಏರ್ಪಾಡಿಗೆ ಒಳಪಟ್ಟಿದೆಯೆಂದು ಮುಖ್ಯ ಇಂಜಿನಿಯರ್ ಸ್ಯಾಂಕಿಯವರು 1866ರಲ್ಲಿ ಬೆರಗಿನಿಂದ ಗುರುತಿಸಿದ್ದರು. ಆದರೆ ಹಳೆಯ ದತ್ತಿಗಳು ಕರಗಿ, ಹೊಣೆಯು ಸರಕಾರದ ಇಲಾಖೆಗಳತ್ತ ಸರಿದಂತೆಲ್ಲ, ಕೆರೆಯು ತಮ್ಮದೆಂಬ ಭಾವವು ಹಳ್ಳಿಗರಲ್ಲಿ ಕುಂದುತ್ತ ಬಂದಿತು. 1876ರಿಂದ 1878ರ ವರೆಗಿನ ಘೋರ ಕ್ಷಾಮದಲ್ಲಿ ನೀರಿನ ಬೆಲೆಯು ಮನವರಿಕೆಯಾಯಿತು. 1871ರಲ್ಲಿ 50 ಲಕ್ಷಕ್ಕೆ ಮಿಕ್ಕಿದ್ದ ಸಂಸ್ಥಾನದ ಜನಸಂಖ್ಯೆಯು 1881ರ ಖಾನೇಷುಮಾರಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿದ್ದಿತು. ಹಳ್ಳಿಗರನ್ನು ಮತ್ತೆ ಕೆರೆಯ ಕೆಲಸದಲ್ಲಿ ಕೂಡಿಸುವ ಉದ್ದೇಶದಿಂದ ಸಂಸ್ಥಾನವು 1911ರಲ್ಲಿ ಕೆರೆ ಪಂಚಾಯತಿಗಳ ಕಾನೂನನ್ನು ತಂದಿತು.

ಮುಂದೆ ಕೊಳವೆಬಾವಿಗಳು ಹೆಚ್ಚಿದವು. ನೀರು ಅವರವರ ಹೊಲದಡಿಯಲ್ಲಿಯೇ ಇರುವಾಗ ಊರ ಕೆರೆಯ ಚಿಂತೆ ಯಾರಿಗೆ ಎಂಬಂತಾಯಿತು. ಅಂತರ್ಜಲವು ಪಾತಾಳಕ್ಕಿಳಿದ ಮೇಲೆಯೇ ಕಣ್ಣು ತೆರೆಯಿತು. 2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕರ್ನಾಟಕದಲ್ಲಿ ಸಮುದಾಯದ ಮೂಲಕ ಕೆರೆಗಳ ಪುನರುಜ್ಜೀವನದ ಯೋಜನೆಯು ಆರಂಭವಾಯಿತು. 2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯು ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೆಲಸದ ಹಕ್ಕನ್ನು ಕೊಟ್ಟು, ಹೂಳೆತ್ತುವುದನ್ನೂ ಆ ಕೆಲಸಗಳಲ್ಲಿ ಸೇರಿಸಿತು. ಹಿಂದೆ ಬಿಟ್ಟಿಯಾಗಿ ನಡೆದುದಕ್ಕೆ ಕೂಲಿಯೂ, ಹೆಂಗಸರಿಗೂ ಗಂಡಸರಿಗೂ ಸಮವಾದ ಕೂಲಿಯೂ ನಿಯಮವಾದುದು ಸಾಮಾನ್ಯವಾದ ಸಂಗತಿಯಲ್ಲ.

ಆದರೂ ಕಾನೂನು ಕೂಲಿಯನ್ನು ಕೊಡಬಲ್ಲದು, ಹಣವು ಏರಿಯನ್ನು ಕಟ್ಟಬಲ್ಲದು. ಕೆರೆಯು ತಮ್ಮದೆಂಬ ಭಾವವನ್ನು ಭಕ್ತಜನರೇ ಬೆಳೆಸಿಕೊಳ್ಳಬೇಕು. ಉತ್ಸವದ ಪಂಕ್ತಿಯಲ್ಲಿ ಬಡಿಸುವ ಅನ್ನವು ಯಾವುದೋ ಕೆರೆಯ ನೀರನ್ನುಂಡು ಬೆಳೆದುದು. ಆ ಕೆರೆಗೆ ಬೇಸಗೆಯಲ್ಲಿ ಒಂದು ಬಂಡಿ ಹೂಳಿನ ಸೇವೆಯನ್ನು ಪ್ರತಿಯೊಂದು ಮನೆಯೂ ಸಲ್ಲಿಸಿದರೆ, ಮಹಾದಾಸೋಹವು ಪೂರ್ಣವಾದಂತಾಗುವುದು. ಶಿವಯೋಗಿಗಳ ಕೃಪೆಯಿಂದ ನಾಡಿನ ಕೆರೆಗಳು ತುಂಬಿ ಕೋಡಿವರಿಯಲಿ. ಅವನ್ನು ಕಾಯುವ ಕೈಗಳೂ ಕುಂದದಿರಲಿ.