ಪದವಿಗಿಂತ ಮೊದಲು ಬಂದ ವಿದ್ಯೆ



ಕಂಪ್ಯೂಟರ್ ಸೈನ್ಸ್ ಸೀಟು ದೊರೆಯದ ಮಕ್ಕಳ ಭವಿಷ್ಯವೇ ಮುಗಿಯಿತೆಂದು ಕೊರಗುವ ತಂದೆತಾಯಂದಿರಿಗೆ ನಾನು ಈ ಚರಿತ್ರೆಯನ್ನು ಹೇಳುವುದುಂಟು.

ಕಾನ್ಪುರದ ಐಐಟಿಗೆ ಐಬಿಎಂ 1620 ಗಣಕಯಂತ್ರವು ಬಂದದ್ದು 1963ರಲ್ಲಿ. ಅಲ್ಲಿ ಆ ವಿಷಯದ ಬಿ.ಟೆಕ್. ಆರಂಭವಾದದ್ದು 1978ರಲ್ಲಿ. ನಡುವಣ ಹದಿನೈದು ವರ್ಷ ಅನ್ಯ ಶಾಖೆಗಳಿಂದ ಬಂದವರೇ ಅದನ್ನು ಕಲಿತರು. ಮೈಸೂರಿನಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿದ್ದ ಎನ್. ಆರ್. ನಾರಾಯಣಮೂರ್ತಿಯವರು ಕಾನ್ಪುರದಲ್ಲಿ 1969ರಲ್ಲಿ ಎಂ.ಟೆಕ್. ಪಡೆದರು, 1981ರಲ್ಲಿ ಆರು ಮಂದಿ ಸಹೋದ್ಯೋಗಿಗಳೊಡನೆ ಇನ್ಫೋಸಿಸ್ ಸ್ಥಾಪಿಸಿದರು. ಅಲ್ಲಿನ ಅಧ್ಯಾಪಕರಾಗಿದ್ದ ಪ್ರೊ. ವಿ. ರಾಜಾರಾಮನ್ ಅವರ ಸಮಿತಿಯ ಸಲಹೆಯಂತೆ 1980ರ ದಶಕದಲ್ಲಿ ಎಂ.ಸಿ.ಎ. ಹುಟ್ಟಿ, ಇಂಜಿನಿಯರಿಂಗ್ ಓದದ ಪದವೀಧರರಿಗೂ ಈ ವೃತ್ತಿಯ ಬಾಗಿಲು ತೆರೆಯಿತು.

ಪದವಿಯ ಹೆಸರು ಮೊದಲ ಸಂದರ್ಶನದವರೆಗೆ ಕರೆದೊಯ್ದೀತು. ಅಲ್ಲಿಂದಾಚೆ ಕೈಹಿಡಿದು ನಡೆಸುವುದು ಗಣಿತದ ತಳಹದಿ ಮತ್ತು ಕಲಿಯುವ ಹಂಬಲ. ಮಕ್ಕಳನ್ನು ಸೀಟಿನಿಂದ ಅಳೆಯಬೇಡಿರೆಂಬುದೇ ನನ್ನ ವಿನಂತಿ.